ರೋಗ ಬಾರದ ರಿಪೋರ್ಟು, ಮೈಕಿಗೇರಿದ ಎದೆಬಡಿತ

ರೋಗ ಹೊತ್ತು ರಿಪೋರ್ಟ್ ಇಲ್ಲದೆ ಬರುವವರು ಒಂದು ಬಗೆ, ರಿಪೋರ್ಟ್ ಹೊತ್ತು ರೋಗ ಇಲ್ಲದೆ ಬರುವವರು ಇನ್ನೊಂದು ಬಗೆ. ಡಾಕ್ಟರ ತಲೆಗೂದಲು ಬೆಳ್ಳಗಾಗುವುದು ಈ ಎರಡನೆಯವರಿಂದ. ಅವರು ಬರುವುದು ಯಾವತ್ತೂ ನಿಲ್ಲುವುದಿಲ್ಲ, ಅವರ ಜೊತೆ ಬರುವ ಫಜೀತಿಯೂ ನಿಲ್ಲುವುದಿಲ್ಲ.

ಕೊಪ್ಪಳ ಜಿಲ್ಲೆ ಹುಟ್ಟಿದ ವರ್ಷವೇ, ಅಂದರೆ ೧೯೯೭ರಲ್ಲಿ, ನಾನು ಗಂಗಾವತಿಯಲ್ಲಿ ದವಾಖಾನೆಯ ಬೋರ್ಡು ತೂಗುಹಾಕಿದೆ. ಈಗ ಆ ಬೋರ್ಡು ಇಳಿಸಿ ಮನೆಯಲ್ಲಿ ಸುಖವಾಗಿದ್ದೇನೆ. ಬೆಳಿಗ್ಗೆ ವಾಕಿಂಗು, ಆಮೇಲೆ ಚಹಾ, ಆಮೇಲೆ ಸಿಕ್ಕವರ ಜೊತೆ ಹರಟೆ. "ಮೊದ್ಲು ಪೇಶಂಟ್ ಹೇಳೂದನ್ನ ನೀವು ಕೇಳ್ತಿದ್ರಿ, ಈಗ ನೀವು ಹೇಳೂದನ್ನ ಕೇಳಾಕ ಒಬ್ಬ ಪೇಶಂಟೂ ಇಲ್ಲ" ಅಂತ ನನ್ನ ಹೆಂಡತಿ ಅನ್ನುತ್ತಾಳೆ. ಇರಲಿ, ನೀವಿದ್ದೀರಲ್ಲ.

ಒಂದೇ ಮನೆಯಲ್ಲಿ ನಡೆದ ಕೆಲವು ಪ್ರಸಂಗ ಹೇಳುತ್ತೇನೆ. ಈಗ ಹೇಳುವಾಗ ನಗು ತಡೆಯಲಾಗುವುದಿಲ್ಲ. ಆಗ ಮಾತ್ರ, ದೇವರಾಣೆ, ನಗು ಹತ್ತಿರ ಸುಳಿದಿರಲಿಲ್ಲ. ಇನ್ನೂ ಹುಟ್ಟದ ಒಂದು ಕೂಸಿನ ಎದೆಬಡಿತ ನನ್ನ ತಲೆಯ ಮೇಲೆ ಕೂತಿತ್ತು.

೧. ನೋವು ಒಬ್ಬರಿಗೆ, ರಿಪೋರ್ಟ್ ಒಬ್ಬರಿಗೆ

ಕುಷ್ಟಗಿಯ ಅತ್ತೆ-ಸೊಸೆ ಹುಲಿಗೆಮ್ಮ ದೇವಿಯ ದರ್ಶನ ಮುಗಿಸಿ, ಗಂಗಾವತಿಯಲ್ಲಿದ್ದ ನೆಂಟರ ಮನೆಗೆ ಬಂದಿದ್ದರು. ಅತ್ತೆಗೆ ಮೊಣಕಾಲು ನೋವು. ಆಗ ತಾನೇ ಪೇಟೆಯಲ್ಲಿ ಹೊಸದೊಂದು ಲ್ಯಾಬು ತೆರೆದಿತ್ತು. ಒಬ್ಬರು ಕೀಲುನೋವಿನ ದೊಡ್ಡ ಪರೀಕ್ಷೆ ಮಾಡಿಸಿದರೆ ಜೊತೆಗೆ ಬಂದವರದ್ದು ಪುಕ್ಕಟೆ ಅಂತ ಬಾಗಿಲಿಗೇ ಬ್ಯಾನರ್ ಕಟ್ಟಿದ್ದರು. ಪುಕ್ಕಟೆ ಅಂದಮೇಲೆ ಬಿಟ್ಟು ಬರುವುದುಂಟೇ? ಏನೂ ನೋವಿಲ್ಲದ ಸೊಸೆಯ ತೋಳನ್ನೂ ಅತ್ತೆಯೇ ಹಿಡಿದು ಮುಂದೆ ಚಾಚಿಸಿದರಂತೆ.

ವಾರದ ಮೇಲೆ ಎರಡೂ ರಿಪೋರ್ಟ್ ನನ್ನ ಮೇಜಿನ ಮೇಲೆ ಬಂದವು. ನಮ್ಮ ಮೈಯೊಳಗಿನ ಕಾವಲು ಪಡೆ ತಪ್ಪಾಗಿ ನಮ್ಮ ಮೈಯ ಮೇಲೆಯೇ ತಿರುಗಿಬೀಳಲು ತಯಾರಿಸುವ ಪ್ರತಿಕಾಯಗಳು ಇವೆಯೋ ಇಲ್ಲವೋ ಅಂತ ನೋಡುವ ಪರೀಕ್ಷೆ ಅದು. ಅತ್ತೆಯದು ಪೂರ್ತಿ ನೆಗೆಟಿವ್. ಸೊಸೆಯದು ಪಾಸಿಟಿವ್, ಅದೂ ಜೋರಾಗಿ.

ಅತ್ತೆಗೆ ಅವಮಾನವಾಯಿತು. "ಇದ್ಯಾವ ನ್ಯಾಯ್ರಿ ಸಾಹೇಬ್ರ? ನೋವು ತಿನ್ನಾಕಿ ನಾನು, ಜಡ್ಡು ಬಂದದ್ದು ಅಕಿಗೆ!"

"ಜಡ್ಡು ಬಂದಿಲ್ಲವ್ವ. ರಿಪೋರ್ಟ್ ಅಷ್ಟ ಬಂದೈತಿ," ಅಂದು ನಾನು ಸೊಸೆಯನ್ನು ಕೇಳುತ್ತ ಹೋದೆ. "ಕೀಲು ಬಾವು ಬರ್ತೈತೇನು?"

"ನನಗ ಬರ್ತೈತ್ರಿ," ಅಂದರು ಅತ್ತೆ.

"ನಿಮಗಲ್ಲ, ಅಕಿಗೆ. ಬಾಯಾಗ ಹುಣ್ಣು?"

"ನನಗಾಗಿತ್ತು, ಹೋದ ಬ್ಯಾಸಿಗ್ಯಾಗ."

"ಬಿಸಿಲಿಗೆ ಹೋದ್ರ ಗಲ್ಲ ಕೆಂಪಗಾಗ್ತೈತೇನು? ಕೂದಲು ಉದುರ್ತೈತೇನು?"

ಅತ್ತೆ ತಮ್ಮ ತುರುಬು ಬಿಚ್ಚಿ ತೋರಿಸಲು ಹೊರಟರು. ಸೊಸೆ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಅವಳಿಗೆ ಏನೂ ಇರಲಿಲ್ಲ. ಮೂತ್ರ, ರಕ್ತದೊತ್ತಡ, ಎಲ್ಲ ಸರಿ. ಕೊನೆಗೆ ಕೇಳಬೇಕಾದ್ದನ್ನು ಕೇಳಿದೆ. ಅವಳು ನಗು ನಿಲ್ಲಿಸಿ ತಲೆ ತಗ್ಗಿಸಿದಳು. "ಮೂರು ತುಂಬ್ಯಾವ್ರಿ," ಅಂತ ಅತ್ತೆ ಹೆಮ್ಮೆಯಿಂದ ಹೇಳಿದರು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು. ಹುಲಿಗೆಮ್ಮನಿಗೆ ಹೋದದ್ದೇ ಅದಕ್ಕೆ.

ರಿಪೋರ್ಟನ್ನು ಎತ್ತಿ ಇನ್ನೊಮ್ಮೆ ಓದಿದೆ. ಅವಳ ರಿಪೋರ್ಟಿನಲ್ಲಿ ಎದ್ದು ಕಂಡ ಪ್ರತಿಕಾಯ ಬಸುರಿಯನ್ನು ಮುಟ್ಟದೆ ಬಿಡಬಹುದು, ಆದರೆ ಹೊಟ್ಟೆಯೊಳಗಿನ ಕೂಸಿನ ಹೃದಯಕ್ಕೆ ಹೋಗಿ ಅದರ ಬಡಿತದ ತಂತಿಯನ್ನು ಕೆಡಿಸಬಹುದು. ಬಹಳ ಅಪರೂಪ. ಆದರೆ ಅಪರೂಪ ಅನ್ನುವ ಮಾತು ಪುಸ್ತಕದಲ್ಲಿ ಇದ್ದಷ್ಟು ತಣ್ಣಗೆ ಎದುರಿಗೆ ಬಸುರಿ ಕೂತಾಗ ಇರುವುದಿಲ್ಲ.

ಹೆದರಿಸದೆ ಹೇಳಬೇಕಲ್ಲ, ಒಂದು ಉಪಾಯ ಮಾಡಿದೆ. "ನೋಡ್ರಿ, ಮನಿ ಕಾಯಾಕ ನಾಯಿ ಸಾಕಿರ್ತೀವಿ. ಅದು ಕಳ್ಳನ್ನ ಕಂಡ್ರ ಬೊಗಳ್ಬೇಕು. ಈ ಹುಡುಗಿ ಮೈಯಾಗಿನ ನಾಯಿ ಮನಿ ಮಂದೀಗೇ ಗುರ್ ಅನ್ನಾಕತ್ತೈತಿ. ಕಚ್ಚಿಲ್ಲ. ಭಾಳ ಮಂದೀಗೆ ಸಾಯೂತನಕಾ ಕಚ್ಚೂದೂ ಇಲ್ಲ. ಅಕಿಗೆ ಔಷಧ ಬ್ಯಾಡ. ಆದ್ರ ಆ ನಾಯಿ ಕೂಸಿನ ಕಡೆ ಹೋಗ್ತೈತೇನು ಅಂತ ಇನ್ನೊಂದು ತಿಂಗಳು ಕಳೆದ ಮ್ಯಾಲಿಂದ ನಾವು ಕಣ್ಣಿಟ್ಟು ಕಾಯಬೇಕು. ಕೂಸಿನ ಬಡಿತ ಕೇಳ್ತಾ ಇರಬೇಕು."

ಅತ್ತೆ ಗಂಭೀರವಾಗಿ ಎಲ್ಲ ಕೇಳಿಸಿಕೊಂಡರು. ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಗುರ್ ಅಂದ ಮ್ಯಾಲ ಕಾಯೂದ್ಯಾಕ್ರಿ ಸಾಹೇಬ್ರ? ಹೊಕ್ಕಳದ ಸುತ್ತ ಆ ಹುಚ್ಚುನಾಯಿ ಸೂಜಿ ಈಗ ಹಾಕಿಬಿಡ್ರಲಾ!"

೨. ಸೂಜಿ ಕಾಣದ ಸಮಾಧಾನ

ನಮ್ಮ ಕಡೆ ಡಾಕ್ಟರ್ ಅಂದರೆ ಸೂಜಿ. ಸೂಜಿ ಚುಚ್ಚಿಸಿಕೊಳ್ಳದೆ ದವಾಖಾನೆಯಿಂದ ಹೊರಬಿದ್ದವನು ಊಟ ಮಾಡದೆ ಮದುವೆ ಮನೆಯಿಂದ ಎದ್ದುಬಂದ ಹಾಗೆ ಮುಖ ಮಾಡುತ್ತಾನೆ. ಇನ್ನು ಸಲೈನ್ ಬಾಟಲಿ ತೂಗುಹಾಕಿದರಂತೂ ಡಾಕ್ಟರ ಕೀರ್ತಿ ಯಲಬುರ್ಗಾ ದಾಟಿ ಹೋಗುತ್ತದೆ.

ಮುಂದಿನ ಸಲ ಅವರು ಬಂದಾಗ ಮಗನೂ ಬಂದ. ಕುಷ್ಟಗಿಯಲ್ಲಿ ಅವನದು ಶಾಮಿಯಾನ ಮತ್ತು ಮೈಕ್ ಸೆಟ್ಟಿನ ಅಂಗಡಿ. ಮಾತು ಕಡಿಮೆ, ಕೆಲಸ ಜಾಸ್ತಿ. ಹೆಂಡತಿಯನ್ನು ಗಾಜಿನ ಸಾಮಾನಿನ ಹಾಗೆ ಹಿಡಿದು ತಂದು ಕೂಡಿಸಿದ. ನಾನು ಪರೀಕ್ಷೆ ಮಾಡಿದೆ, ಕೂಸಿನ ಬಡಿತ ಕೇಳಿದೆ, ಚೆನ್ನಾಗಿತ್ತು. ಹೊಟ್ಟೆಯೊಳಗಿನ ಕೂಸುಗಳ ಹೃದಯ ಸ್ಕ್ಯಾನ್ ಮಾಡುವ ಹುಬ್ಬಳ್ಳಿಯ ಡಾಕ್ಟರಿಗೆ ಚೀಟಿ ಬರೆದೆ. ಆಮೇಲೆ, "ಆತು, ಹೋಗಿಬರ್ರಿ," ಅಂದೆ.

ಮೂವರೂ ಏಳಲಿಲ್ಲ.

"ಸೂಜಿ?" ಅಂದರು ಅತ್ತೆ.

"ಯಾಕ? ಅಕಿಗೆ ಏನೂ ಆಗಿಲ್ಲ."

"ಆಗಿಲ್ಲ ಅಂತ ನೀವು ಅಂತೀರಿ. ಆಗೈತಿ ಅಂತ ಕಾಗದ ಅಂತೈತಿ. ಯಾರ ಮಾತು ಕೇಳೂಣ್ರಿ? ಒಂದು ಸೂಜಿ ಬಿದ್ರ ಮನಸಿಗೆ ಸಮಾಧಾನ."

"ಬ್ಯಾಡದ ಔಷಧ ಬಸುರಿಗೆ ಕೊಡೂದಿಲ್ಲ ನಾನು."

ಮಗ ಮೆಲ್ಲಗೆ, "ಸರ್, ಸಲೈನ್ ಅರ?" ಅಂದ. ನಾನು ತಲೆಯಾಡಿಸಿದೆ. ಸೊಸೆ, "ನಡೀರಿ ಅತ್ತಿ, ಸಾಹೇಬ್ರು ಬ್ಯಾಡಂದ್ರ ಬ್ಯಾಡ," ಅಂದಳು. ಅತ್ತೆ ಜಗ್ಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಬಾಗಿಲ ಸಂದಿಯಿಂದ ಇಣುಕತೊಡಗಿದರು. ಈಕೆ ಸಿಟ್ಟಾಗಿ ಎದ್ದುಹೋಗಿ, ಸೊಸೆಯನ್ನು ಕಂಡಕಂಡಲ್ಲಿ ಚುಚ್ಚುವ ಯಾರದಾದರೂ ಕೈಗೆ ಕೊಟ್ಟರೆ? ಅದೇ ನನ್ನ ನಿಜವಾದ ಭಯ.

ಅಷ್ಟರಲ್ಲಿ ಅತ್ತೆಯೇ ರಾಜಿಗೆ ಬಂದರು. "ಹಂಗಾದ್ರ ನನಗರ ಮಾಡ್ರಿ. ನನ್ನ ಮೊಣಕಾಲಿಗೆ. ಬಂದ ಹಾದಿ ದಂಡ ಆಗಬಾರ್ದು."

ಮೊಣಕಾಲು ನೋವು ನಿಜವಾಗಿಯೂ ಇತ್ತು. ನೋವಿನ ಸೂಜಿ ಕೊಟ್ಟೆ. ಆಕೆ ಸೊಂಟ ಉಜ್ಜಿಕೊಳ್ಳುತ್ತ ಹೊರಗೆ ಹೋಗಿ, ಬೆಂಚಿನವರಿಗೆ ಹೇಳಿದ್ದು ನನಗೆ ಒಳಗೇ ಕೇಳಿಸಿತು: "ಭಾಳ ಛಲೋ ಡಾಕ್ಟರ್ ಅದಾನ್ರಿ. ಜಡ್ಡು ಸೊಸೀದು, ಆದ್ರೂ ಸೂಜಿ ಅತ್ತಿಗೇ ಮೊದ್ಲು ಮಾಡ್ತಾನ. ಇಂಥ ಮರ್ಯಾದಿ ಈಗಿನ ಕಾಲದಾಗ ಎಲ್ಲೈತಿ!"

೩. ಸಾವಿಲ್ಲದ ಶಾಮಿಯಾನ

ಕೂಸಿನ ಬಡಿತ ಮೇಲಿಂದ ಮೇಲೆ ಕೇಳಬೇಕಿತ್ತು. ಕುಷ್ಟಗಿಯಿಂದ ತಾವರಗೇರಾ, ಕನಕಗಿರಿ ದಾಟಿ ಗಂಗಾವತಿಗೆ ಆ ಕಾಲದ ರಸ್ತೆಯಲ್ಲಿ ಬಸುರಿಯನ್ನು ಕುಲುಕಿಸುತ್ತ ತರುವುದು ಬೇಡ ಅನ್ನಿಸಿ, ಬಡಿತ ಕೇಳಿಸುವ ಕೈಯಳತೆಯ ಒಂದು ಯಂತ್ರ ತರಿಸಿದೆ. ಹೊಟ್ಟೆಯ ಮೇಲೆ ಸ್ವಲ್ಪ ಜೆಲ್ ಹಚ್ಚಿ ಅದರ ಮೂತಿ ಇಟ್ಟರೆ ಒಳಗಿನ ಸದ್ದು ಹೊರಗೆ ಕೇಳುತ್ತದೆ. ಅದನ್ನು ಕೊಟ್ಟು, ಬಳಸುವುದನ್ನು ಕಲಿಸಿಬರೋಣ ಅಂತ ಒಂದು ಭಾನುವಾರ ನಾನೇ ಕುಷ್ಟಗಿಗೆ ಹೋದೆ.

ಓಣಿಯ ತಿರುವಿನಲ್ಲೇ ಕಾರಿನ ಬ್ರೇಕು ಒತ್ತಿದೆ. ಅವರ ಮನೆ ಮುಂದೆ ದೊಡ್ಡ ಶಾಮಿಯಾನ. ಕೆಳಗೆ ಕುರ್ಚಿ. ಕುರ್ಚಿಯಲ್ಲಿ ನಾಲ್ಕೈದು ಜನ ತಲೆಯ ರುಮಾಲು ತೆಗೆದು ಸುಮ್ಮನೆ ಕೂತಿದ್ದಾರೆ. ನಮ್ಮ ಕಡೆ ಮನೆ ಮುಂದೆ ಶಾಮಿಯಾನ ಎದ್ದರೆ ಒಂದೋ ಲಗ್ನ, ಇಲ್ಲವೋ ಸಾವು. ಲಗ್ನದ ಸಪ್ಪಳ ಇರಲಿಲ್ಲ. ಕಾರಿನಿಂದ ಇಳಿಯದೆ ಕೂತೇ ಇದ್ದೆ.

ಮಗ ಓಡಿಬಂದ. ನಾನು ಬಾಯಿ ಬಿಡುವ ಮೊದಲೇ, "ಬರ್ರಿ ಸರ್, ಅಕಿ ಒಳಗ ರೊಟ್ಟಿ ಬಡ್ಯಾಕತ್ಯಾಳ್ರಿ," ಅಂದ.

"ಮತ್ತ ಇದೇನೋ?"

"ನೀವ ಕೇಳಿದ್ರೆಲ್ಲರಿ, ಬಿಸಿಲಿಗೆ ಹೋದ್ರ ಗಲ್ಲ ಕೆಂಪಗಾಗ್ತೈತೇನು ಅಂತ? ಬಿಸಿಲ ಬ್ಯಾಡ ಅಂತ ಅವ್ವ ತಿಳ್ಕೊಂಡ್ಳು. ಅಕಿ ನೀರು ತರೂ ನಳದ ತನಕಾ ಹಾಕಿಬಿಟ್ಟೀನ್ರಿ. ಹೆಂಗೂ ನಮ್ಮದ ಅಂಗಡಿ."

"ಈ ಮಂದಿ ಯಾರು?"

"ಗೊತ್ತಿಲ್ರಿ. ದಿನಾ ಯಾರರ ಬಂದು ಕೂಡ್ತಾರ. ಯಾರು ಹೋದ್ರು ಅಂತ ಕೇಳಾಕ ಅವರಿಗೂ ಸಂಕೋಚ. ಯಾರೂ ಹೋಗಿಲ್ಲ ಅನ್ನಾಕ ನಮಗೂ ಸಂಕೋಚ. ಚಹಾ ಕುಡದು ಹೋಗ್ತಾರ."

ನಾನು ಅವನಿಗೆ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಓಣಿಯ ತುದಿಯಿಂದ ಒಂದು ಹಾಡಿನಂಥ ಅಳು ಎದ್ದಿತು. ಅದು ಯಲಬುರ್ಗಾದಲ್ಲಿರುವ ಅತ್ತೆಯ ತಂಗಿಯದು. ನಿಮ್ಮಕ್ಕನ ಮನೆ ಮುಂದೆ ಶಾಮಿಯಾನ ಬಿದ್ದಿದೆ ಅಂತ ಯಾರೋ ಬಸ್ಸಿನಲ್ಲಿ ಹೇಳಿದ್ದರಂತೆ. "ಯಕ್ಕಾ, ನನ್ನ ಬಿಟ್ಟು ಹೆಂಗ ಹೋದ್ಯೆ! ನಿನ್ನ ಕೈಯಾಗಿನ ಹೋಳಿಗಿ ಇನ್ನೆಲ್ಲಿ ತಿನ್ಲೆ!" ಅಂತ ಎದೆ ಬಡಿದುಕೊಂಡು ಬಂದಳು. ಕುರ್ಚಿಯಲ್ಲಿದ್ದವರಿಗೆ ಕೊನೆಗೂ ದಾರಿ ಕಂಡಂತಾಗಿ ಅವರೂ ಕಣ್ಣೊರೆಸಿಕೊಂಡರು.

ಸದ್ದು ಕೇಳಿ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. "ಯಾಕ ಅಳಾಕತ್ತಿ? ಯಾರು ಸತ್ತಾರ?"

ತಂಗಿ ಅಳು ನಿಲ್ಲಿಸಿ ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿದಳು. ಕಣ್ಣೀರು ಒರೆಸಿಕೊಂಡಳು. ಆಮೇಲೆ ಸಿಟ್ಟು ಬಂತು: "ಸಾಯೂ ವಿಚಾರ ಇರಲಿಲ್ಲಂದ್ರ ಶಾಮಿಯಾನ ಯಾಕ ಹಾಕ್ಸಿದಿ? ಸುಡುಗಾಡು, ಕೆಲಸ ಬಿಟ್ಟು ಬಂದೀನಿ!"

೪. ಕೂಸಿನ ಭಾಷಣ

ಶಾಮಿಯಾನ ಇಳಿಸು ಅಂತ ಮಗನಿಗೆ ಅಂದೆ. "ಇರ್ಲಿ ಬಿಡ್ರಿ ಸರ್, ಕೂಡಾಕ ಆಗ್ತೈತಿ," ಅಂದ. ಯಾರು ಕೂಡಲು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಯಂತ್ರವನ್ನು ಅತ್ತೆಗೂ ಸೊಸೆಗೂ ಕಲಿಸಿದೆ. ಮಂಗಳವಾರ, ಶುಕ್ರವಾರ ಸಂಜೆ ಕೇಳುವುದು ಅಂತಾಯಿತು. ಅತ್ತೆಗೆ ದೇವಿಯ ವಾರಗಳೇ ಬೇಕಾಗಿದ್ದವು. ಕುದುರೆ ಓಡಿದ ಹಾಗೆ 'ಟಬಕ್ ಟಬಕ್ ಟಬಕ್' ಅಂದರೆ ಸರಿ, ಎತ್ತು ನಡೆದ ಹಾಗೆ ನಿಧಾನವಾದರೆ ಆ ಕ್ಷಣ ನನಗೆ ಫೋನ್ ಮಾಡಬೇಕು. ಬಾಗಿಲು ಹಾಕಿಕೊಂಡು ಹೆಣ್ಣುಮಕ್ಕಳು ಒಳಗೆ, ಗಂಡಸರು ಹೊರಗೆ.

ಹೊರಗಿದ್ದ ಮಗನಿಗೆ ಸದ್ದು ಕೇಳಬೇಡವೇ? ಯಂತ್ರಕ್ಕೆ ಇಯರ್‌ಫೋನ್ ಚುಚ್ಚುವ ತೂತು ಇತ್ತು. ಮೈಕ್ ಸೆಟ್ಟಿನವನಿಗೆ ಅಷ್ಟು ಸಾಕು. ಒಂದು ವೈರು ಎಳೆದು, ಹೊರಗಿದ್ದ ಆಂಪ್ಲಿಫೈಯರಿಗೆ ಹಚ್ಚಿ, ಶಾಮಿಯಾನದ ಕಂಬಕ್ಕೆ ಒಂದು ದೊಡ್ಡ ಸ್ಪೀಕರ್ ಬಾಕ್ಸು ಕಟ್ಟಿದ. ಮೊದಲ ಶುಕ್ರವಾರವೇ ಕೂಸಿನ ಎದೆಬಡಿತ ಇಡೀ ಓಣಿಗೆ ಕೇಳಿತು.

ನನಗೆ ಇದು ತಿಳಿದದ್ದು ಸೊಸೆಯ ಫೋನಿನಿಂದ. "ಸಾಹೇಬ್ರ, ನಾಚಿಕಿ ಆಗ್ತೈತ್ರಿ. ನಂದು ಹೊಟ್ಟಿ ಅನ್ನೂದ ಮರತಾರ. ಓಣ್ಯಾಗಿನ ಮಂದಿ ಸಂಜಿಗೆ ಬಂದು ಜಾಗ ಹಿಡೀತಾರ್ರಿ." ಆಮೇಲೆ, "ಆದ್ರ ಒಂದು ಮಾತು ಹೇಳ್ತೀನ್ರಿ. ಮೊದ್ಲು ಒಬ್ಬಾಕಿನ ಮಲಗಿ ಹೆದರ್ತಿದ್ದೆ. ಈಗ ಬಡಿತ ಬಂದ ಕೂಡ್ಲೇ ಹೊರಗ ಅಷ್ಟೂ ಮಂದಿ ಉಸಿರು ಬಿಡೂದು ಕೇಳ್ತೈತಿ. ಧೈರ್ಯ ಬರ್ತೈತ್ರಿ," ಅಂದಳು.

ಅದನ್ನು ಕೇಳಿದ ಮೇಲೆ ಬೈಯುವ ಮನಸ್ಸಾಗಲಿಲ್ಲ.

ಆಗ ಪುರಸಭೆಯ ಚುನಾವಣೆ. ಒಂದು ಮಂಗಳವಾರ ಸಂಜೆ ಪ್ರಚಾರದ ಆಟೋ ಮೈಕಿನಲ್ಲಿ ಕೂಗುತ್ತ ಓಣಿಗೆ ನುಗ್ಗಿತು. ಹಿಂದೆ ಅಭ್ಯರ್ಥಿ ಕೈ ಮುಗಿದುಕೊಂಡು ಬರುತ್ತಿದ್ದ. ಆ ಹೊತ್ತಿಗೆ ಒಳಗೆ ಅತ್ತೆಗೆ ಬಡಿತ ಸಿಕ್ಕಿರಲಿಲ್ಲ. ಬಾಕ್ಸಿನಲ್ಲಿ ಬರೀ ಗಾಳಿ ಬೀಸಿದಂಥ ಸದ್ದು, ಎಲ್ಲರ ಮುಖ ಬಿಗಿದಿತ್ತು. ಎದುರು ಮನೆಯ ದರ್ಜಿ ಎದ್ದುಹೋಗಿ ಆಟೋದ ಮುಂದೆ ಕೈ ಅಡ್ಡ ಹಿಡಿದ: "ಮೈಕ್ ಬಂದ್ ಮಾಡ್ರಿ! ಕೂಸಿನ ಭಾಷಣ ಇನ್ನೂ ಸುರು ಆಗಿಲ್ಲ. ಅದು ಮುಗೀಲಿ, ಆಮ್ಯಾಲ ನಿಮ್ದು!"

ಅಭ್ಯರ್ಥಿ ಒಂದು ಕುರ್ಚಿ ಎಳೆದುಕೊಂಡು ಕೂತನಂತೆ. 'ಟಬಕ್ ಟಬಕ್' ಬಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನೂ ಅವನೇ. ಆ ಓಣಿಯಲ್ಲಿ ಆವತ್ತು ಒಂದೂ ಸುಳ್ಳು ಆಶ್ವಾಸನೆ ಕೊಡದೆ ಹೋದ ಭಾಷಣಗಾರ ಕೂಸೊಂದೇ.

೫. ಎತ್ತಿನ ನಡಿಗೆ

ಆರನೆಯ ತಿಂಗಳು. ನಾನು ಹೆಚ್ಚು ಹೆದರಿದ್ದ ದಿನಗಳು ಅವು. ಕೂಸಿನ ತಂತಿ ಕೆಟ್ಟರೆ ಆ ಸುಮಾರಿಗೇ ಕೆಡುವುದು.

ಶುಕ್ರವಾರ ಸಂಜೆ ಗಂಗಾವತಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಫೋನ್ ಬಂತು. ಮಗ. ದನಿಯೇ ಹೊರಡುತ್ತಿಲ್ಲ. "ಸರ್... ಎತ್ತು ನಡದಂಗ..."

"ಫೋನ್ ಬಾಕ್ಸಿನ ಹಂತ್ಯಾಕ ಹಿಡಿ!"

ಹಿಡಿದ. ಕೇಳಿದೆ. ಡಬ್... ಡಬ್... ಡಬ್... ಗಡಿಯಾರ ನೋಡಿ ಎಣಿಸಿದೆ. ಇರಬೇಕಾದದ್ದರ ಅರ್ಧ. ಬದನೆಕಾಯಿ ಕೈಯಿಂದ ಬಿತ್ತು. ತಾಯಿಯ ನಾಡಿಯೇ ತಪ್ಪಿ ಕೇಳಿಸುವುದುಂಟು, ಅದೊಂದೇ ಆಸೆ.

"ಒಳಗ ಹೋಗಿ ಅಕಿ ಮುಂಗೈ ಹಿಡಿ. ನಾಡಿ ಎಣಿಸಿ ಜೋರಾಗಿ ಹೇಳು. ಇದಕ್ಕ ತಾಳ ಕೂಡ್ತೈತೇನು ನೋಡೂಣು."

"ಬಾಗ್ಲಾ ಒಳಗಿಂದ ಹಾಕ್ಯಾರ್ರಿ!"

"ಬಡಿ!"

ಅವನು ಬಡಿದ. ಓಣಿಯವರೂ ಸೇರಿ ಬಡಿದರು. "ಯವ್ವಾ, ಬಾಗ್ಲಾ ತಗಿ!" ಆಗ ಒಂದು ವಿಚಿತ್ರ ನಡೆಯಿತು. ಬಾಕ್ಸಿನಲ್ಲಿ ಬಡಿತ ಏರತೊಡಗಿತು. ಡಬ್ ಡಬ್ ಡಬ್. ಅವರು ಬಡಿದಷ್ಟೂ ಅದು ಏರಿತು. ನಾನು ಸಂತೆಯ ನಡುವೆ ನಿಂತು, "ಏರಾಕತ್ತೈತಿ! ಬಡೀರಿ, ಇನ್ನೂ ಬಡೀರಿ!" ಅಂತ ಕೂಗಿದೆ. ತರಕಾರಿಯವಳು ತಕ್ಕಡಿ ಇಳಿಸಿ ನನ್ನ ಮುಖವನ್ನೇ ನೋಡಿದಳು. ಬಾಗಿಲು ಬಡಿದರೆ ಕೂಸಿನ ಹೃದಯ ಸುಧಾರಿಸುತ್ತದೆ ಅಂತ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಆ ಹೊತ್ತಿಗೆ ನಾನು ಪುಸ್ತಕ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಅಷ್ಟರಲ್ಲಿ ಫೋನಿನಲ್ಲಿ ಸೊಸೆಯ ದನಿ ಕೇಳಿತು. ಒಳಗಿನಿಂದಲ್ಲ, ಓಣಿಯಿಂದ. "ಯಾಕ? ಏನಾತು? ಬಾಗ್ಲಾ ಯಾಕ ಮುರ್ಯಾಕತ್ತೀರಿ?" ಅವಳು ಹಿತ್ತಲಿಗೆ ಹೋಗಿ, ಪಕ್ಕದ ಸಂದಿಯಿಂದ ತಂಬಿಗೆ ಹಿಡಿದುಕೊಂಡು ಬಂದಿದ್ದಳಂತೆ.

ಸೊಸೆ ಹೊರಗಿದ್ದಾಳೆ. ಬಡಿತ ಒಳಗಿದೆ.

ಬಾಗಿಲು ತೆರೆಯಿತು. ಅತ್ತೆ, ಎದೆಗೆ ಜೆಲ್ ಮೆತ್ತಿಕೊಂಡು, ಸೆರಗಿನೊಳಗೆ ಯಂತ್ರ ಹಿಡಿದುಕೊಂಡು ನಿಂತಿದ್ದರಂತೆ. "ಎಲ್ಲಾರ್ದೂ ಕೇಳ್ತೀರಿ," ಅಂತ ಅವರೇ ಮೊದಲು ಜೋರು ಮಾಡಿದರು. "ನನ್ನದು ನಡದೈತೋ ನಿಂತೈತೋ ಯಾರರ ಕೇಳೀರೇನು? ಅಕಿ ಬರೂದ್ರಾಗ ಒಂದೀಟು ನೋಡ್ಕೊಂಡ್ರ, ದರೋಡಿ ಬಿದ್ದಂಗ ಬಾಗ್ಲಾ ಬಡೀತೀರಿ!"

ಯಾರೂ ನಗಲಿಲ್ಲ. ಮಗ ಫೋನ್ ಹಿಡಿದೇ ಇದ್ದ. ಸೊಸೆ ಒಳಗೆ ಹೋಗಿ ಮಲಗಿದಳು. ಗಾಳಿಯ ಸದ್ದು. ಮತ್ತೆ ಗಾಳಿಯ ಸದ್ದು. ನಾನು ಅಷ್ಟು ದೂರದ ಸಂತೆಯಲ್ಲಿ ಕಣ್ಣು ಮುಚ್ಚಿಕೊಂಡೆ. ಆಮೇಲೆ ಬಂತು: ಟಬಕ್ ಟಬಕ್ ಟಬಕ್. ಫೋನಿನ ಆಚೆ ಓಣಿಯೇ ಕೂಗಿತು.

ಗದ್ದಲದ ನಡುವೆ ಸೊಸೆಯ ಮಾತು ಬಾಕ್ಸಿಗಿಂತ ಸ್ಪಷ್ಟವಾಗಿ ಕೇಳಿಸಿತು: "ಅತ್ತಿ, ಮುಂದಿನ ವಾರ ನೀವ ಮಲಗ್ರಿ, ನಾ ಹಿಡೀತೀನಿ. ಆದ್ರ ಹೊರಗಿನ ವೈರ್ ಕಿತ್ತು ಮಲಗ್ರಿ!"

೬. ಮಾಡಿದ್ದೇನು?

ಹೆರಿಗೆ ಗಂಗಾವತಿಯಲ್ಲಿ, ನನ್ನ ಗೆಳೆಯರ ಆಸ್ಪತ್ರೆಯಲ್ಲಿ. ಹುಬ್ಬಳ್ಳಿಯ ಸ್ಕ್ಯಾನುಗಳೆಲ್ಲ ಸರಿಯಾಗಿದ್ದವು. ಆದರೂ ಕೂಸು ಹೊರಗೆ ಬಂದು ಅದರ ಎದೆಯ ಇಸಿಜಿ ತೆಗೆಯುವ ತನಕ ನನಗೆ ಸಮಾಧಾನವಿರಲಿಲ್ಲ. ಓಣಿಯ ಅರ್ಧ ಜನ ಟೆಂಪೋ ಮಾಡಿಕೊಂಡು ಬಂದು ಆಸ್ಪತ್ರೆಯ ಮೆಟ್ಟಿಲು ತುಂಬಿದ್ದರು. ಯಲಬುರ್ಗಾದ ತಂಗಿಯೂ ಬಂದಿದ್ದಳು, ಈ ಸಲ ಖಾತ್ರಿ ಮಾಡಿಕೊಂಡು.

ಕೂಸು ಅತ್ತಿತು. ಹೆಣ್ಣು. ನಾನೂ ಮಕ್ಕಳ ಡಾಕ್ಟರೂ ಆ ಪುಟ್ಟ ಎದೆಗೆ ವೈರು ಅಂಟಿಸಿದೆವು. ಯಂತ್ರದಿಂದ ಕಾಗದ ಮೆಲ್ಲಗೆ ಹೊರಬಂತು. ಗೆರೆಗಳನ್ನು ನೋಡಿದೆ. ಇನ್ನೊಮ್ಮೆ ನೋಡಿದೆ. ಮಕ್ಕಳ ಡಾಕ್ಟರ್ ನನ್ನ ಬೆನ್ನು ತಟ್ಟಿದ. ಒಂದು ಗೆರೆಯೂ ಎಡವಿರಲಿಲ್ಲ.

ಸೊಸೆ ಮಂಚದ ಮೇಲಿಂದ ಏನೂ ಕೇಳಲಿಲ್ಲ, ನನ್ನ ಮುಖ ನೋಡಿದಳು. "ಕುದುರಿ ಓಡಿದಂಗ ಐತವ್ವ," ಅಂದೆ. ಅವಳ ಕಣ್ಣೀರು ಕಿವಿಯ ತನಕ ಇಳಿಯಿತು. ನನ್ನ ಕನ್ನಡಕವೂ ಮಸುಕಾಗಿತ್ತು. ಎಸಿಯ ಥಂಡಿ ಇರಬೇಕು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಹೇಳಿದೆ. ತಾಯಿಯಿಂದ ಬಂದ ಪ್ರತಿಕಾಯ ಕೂಸಿನ ಮೈಯಿಂದ ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ. ತಾಯಿಯ ರಿಪೋರ್ಟ್ ಪಾಸಿಟಿವ್ ಆಗಿಯೇ ಉಳಿಯಬಹುದು, ಆಗಾಗ ಬಂದು ತೋರಿಸಿದರೆ ಸಾಕು. ಹೊಸದಾಗಿ ಏನಾದರೂ ಕಂಡರೆ ಮಾತ್ರ ಔಷಧ.

ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಎಲ್ಲ ಕೇಳಿಸಿಕೊಂಡರು. ಹುಬ್ಬು ಗಂಟಾಯಿತು. "ಸಾಹೇಬ್ರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇಷ್ಟು ತಿಂಗಳು ನೀವು ಅಕಿಗೆ ಮಾಡಿದ್ದೇನ್ರಿ? ಸೂಜಿ?"

"ಇಲ್ಲ."

"ಸಲೈನ್?"

"ಇಲ್ಲ."

"ಜಡ್ಡಿನ ಗುಳಿಗಿ?"

"ಅದೂ ಇಲ್ಲ. ಖರೇ ಹೇಳ್ಬೇಕಂದ್ರ, ಏನೂ ಮಾಡಿಲ್ಲವ್ವ. ಕಾದೀನಿ ಅಷ್ಟ."

ನನ್ನ ವೈದ್ಯಕೀಯ ಜೀವನದ ತೀರ್ಪು ಬರಲಿದೆ ಅನ್ನಿಸಿತು. ಆಕೆ ನನ್ನನ್ನೇ ದಿಟ್ಟಿಸಿದರು, ಕೂಸನ್ನು ನೋಡಿದರು, ಆಮೇಲೆ ಓಣಿಯ ಜನರ ಕಡೆ ತಿರುಗಿ ಕೈ ಮುಗಿದರು:

"ಕೇಳಿದ್ರೇನ? ಏನೂ ಮಾಡದ ಇಷ್ಟು ಛಲೋ ಮಾಡ್ಯಾರ. ಆ ಹುಲಿಗೆಮ್ಮ ತಾಯಿ ಕಾಯ್ದ್ಳು ನೋಡ್ರಿ, ಇವರು ಏನರ ಮಾಡಿದ್ರ ನಮ್ಮ ಗತಿ ಏನಾಗ್ತಿತ್ತೋ!"